ಪ್ಲಾನಿನಲ್ಲಿ ಒಂದು ಮನೆ, ಮೀಟರ್ ಬೋರ್ಡಿನಲ್ಲಿ ಎಂಟು

ಬೆಂಗಳೂರಿನಲ್ಲಿ 30×40 ಸೈಟಿನಲ್ಲಿ ಹೊಸದಾಗಿ ಮನೆ ಕಟ್ಟಿಸಿದವರಿಗೆ 2025ನೇ ಇಸವಿ ಸುಲಭದ್ದಾಗಿರಲಿಲ್ಲ. ಗೋಡೆ ಎದ್ದಿದೆ, ಟೈಲ್ಸ್ ಹಾಕಿ ಆಗಿದೆ, ಬಾಗಿಲಿಗೆ ಪಾಲಿಶ್ ಕೂಡ ಮುಗಿದಿದೆ, ಆದರೆ ಕರೆಂಟ್ ಮಾತ್ರ ಇನ್ನೂ ಟೆಂಪರರಿ ಕನೆಕ್ಷನ್ನಿನಲ್ಲೇ. ಕಾರಣ ದೂರದ ಮೀರತ್‌ನ ಒಂದು ಕೇಸು. 2024ರ ಡಿಸೆಂಬರ್ 17ರಂದು ಅದರ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಅನ್ವಯಿಸುವಂತೆ ಒಂದು ಮಾತು ಹೇಳಿತು: ಓಸಿ, ಅಂದರೆ ಕಟ್ಟಡ ಪ್ಲಾನಿನಂತೆ ಇದೆ ಅಂತ ನೋಡಿ ಕೊಡುವ ಸ್ವಾಧೀನಾನುಭವ ಪ್ರಮಾಣಪತ್ರ, ನೋಡದೆ ಯಾವ ಕಟ್ಟಡಕ್ಕೂ ನೀರು, ಕರೆಂಟ್ ಕೊಡಬಾರದು. ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಬೇಕು. ಕರೆಂಟ್ ಕೊಡುವ ಬೆಸ್ಕಾಂ ಕೈ ಕಟ್ಟಿ ಕೂತಿತು. ಸಾಲ ಮಾಡಿ ಕಟ್ಟಿಸಿದವರು ಕಚೇರಿಯಿಂದ ಕಚೇರಿಗೆ ಅಲೆದರು. ಕೊನೆಗೆ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಂದು ದಾರಿ ಮಾಡಿಕೊಟ್ಟಿತು. 1,200 ಚದರ ಅಡಿವರೆಗಿನ ಸೈಟಿನಲ್ಲಿ ನೆಲಮಹಡಿ ಮತ್ತು ಮೇಲೆರಡು ಮಹಡಿ, ಅಥವಾ ಕೆಳಗೆ ಸ್ಟಿಲ್ಟ್ ಪಾರ್ಕಿಂಗ್ ಬಿಟ್ಟು ಮೂರು ಮಹಡಿ ಕಟ್ಟಿದ ವಾಸದ ಮನೆಗೆ ಓಸಿ ಬೇಡ.

ತುಂಬಾ ಜನಕ್ಕೆ ಉಸಿರು ಬಂತು. ಅದು ಒಳ್ಳೆಯದೇ. ಆದರೆ ಇಷ್ಟೊಂದು ಮನೆಗಳಿಗೆ ಓಸಿ ಯಾಕೆ ಸಿಗುತ್ತಿರಲಿಲ್ಲ ಅನ್ನುವ ಪ್ರಶ್ನೆ ಅಲ್ಲೇ ಉಳಿಯಿತು. ಓನರ್‌ಗೆ ದುರಾಸೆ, ಅಧಿಕಾರಿಗೆ ಲಂಚ ಅಂತ ನಾವು ಸಾಮಾನ್ಯವಾಗಿ ಹೇಳಿ ಮುಗಿಸುತ್ತೇವೆ. ಎರಡೂ ಇವೆ, ಇಲ್ಲ ಅನ್ನುವುದಿಲ್ಲ. ಆದರೆ ಇದರ ಹಿಂದೆ ಇನ್ನೊಂದು ಕಾರಣ ಇದೆ, ಅದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ನಮ್ಮ ನಿಯಮಗಳಲ್ಲಿ ಮನೆಗಳನ್ನು ಹೇಗೆ ವಿಂಗಡಿಸಿದ್ದಾರೋ ಹಾಗೆ ಈ ಊರಿನ ಜನ ಬದುಕುತ್ತಿಲ್ಲ. ಜನ ಬದುಕುತ್ತಿರುವ ಮನೆಗೆ ನಿಯಮದಲ್ಲಿ ಸರಿಯಾದ ಜಾಗವೇ ಇಲ್ಲ.

ಮೊದಲು ನಿಯಮ ಎಲ್ಲಿದೆ ನೋಡೋಣ. ಮೂಲ ಕಾನೂನು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಅದರ ಅಡಿಯಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಮಾಡಿದ್ದು ಮಾಸ್ಟರ್ ಪ್ಲಾನ್ 2015. ಅದಕ್ಕೆ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ. ಮುಂದಿನದ್ದು, 2031ರ ಮಾಸ್ಟರ್ ಪ್ಲಾನಿನ ಕರಡು, 2017ರ ನವೆಂಬರ್‌ನಲ್ಲಿ ಹೊರಬಂತು, ಆಕ್ಷೇಪಣೆಗಳ ರಾಶಿಯೇ ಬಿತ್ತು, 2020ರಲ್ಲಿ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಹಾಗಾಗಿ ಮೆಟ್ರೋ ಓಡುವುದಕ್ಕೂ ಮುಂಚೆ ಬರೆದ ಒಂದು ಪುಸ್ತಕವೇ ಇವತ್ತಿಗೂ ನಮ್ಮ ಬೀದಿಯ ಮನೆ ಎಷ್ಟು ಎತ್ತರ ಇರಬೇಕು, ಅದರಲ್ಲಿ ಏನು ನಡೆಯಬಹುದು ಅನ್ನುವುದನ್ನು ಹೇಳುತ್ತಿದೆ. ನಡುನಡುವೆ ತಿದ್ದುಪಡಿ ಆಗಿವೆ. ಹಂದರ ಮಾತ್ರ ಅದೇ.

ಆ ಪುಸ್ತಕದಲ್ಲಿ ವಾಸದ ವಲಯವನ್ನು ಮುಖ್ಯ ವಾಸದ ವಲಯ, ಮಿಶ್ರ ವಾಸದ ವಲಯ ಅಂತ ಎರಡು ಮಾಡಿದ್ದಾರೆ. ವಾಸದ ಬಳಕೆ ಅನ್ನುವ ತಲೆಬರಹದ ಕೆಳಗೆ ಸೈಟಿನಲ್ಲಿ ಕಟ್ಟಿದ ಮನೆ, ವಿಲ್ಲಾ, ಗೋಡೆ ಹಂಚಿಕೊಂಡ ಜೋಡಿ ಮನೆ, ಅಪಾರ್ಟ್‌ಮೆಂಟ್, ಹಾಸ್ಟೆಲ್, ಧರ್ಮಶಾಲೆ, ಬಹುಮನೆಗಳ ಕಟ್ಟಡ, ಸರ್ವೀಸ್ ಅಪಾರ್ಟ್‌ಮೆಂಟ್, ಗ್ರೂಪ್ ಹೌಸಿಂಗ್ ಇವೆಲ್ಲ ಬರುತ್ತವೆ. ಪಟ್ಟಿ ಓದಿದರೆ ಎಲ್ಲವೂ ಇದ್ದ ಹಾಗೇ ಕಾಣುತ್ತದೆ. ಆದರೆ ಶ್ರೀನಗರ, ಲಗ್ಗೆರೆ, ಬೊಮ್ಮನಹಳ್ಳಿ, ಮಾರತ್‌ಹಳ್ಳಿಯ ಯಾವ ಅಡ್ಡರಸ್ತೆಗೆ ಬೇಕಾದರೂ ಹೋಗಿ. ನಿಮಗೆ ಕಾಣುವುದು ವಿಲ್ಲಾನೂ ಅಲ್ಲ, ಅಪಾರ್ಟ್‌ಮೆಂಟೂ ಅಲ್ಲ. ಒಬ್ಬ ಓನರ್, ಒಂದು ಸೈಟು, ನಾಲ್ಕೈದು ಮಹಡಿ, ಮಹಡಿಗೆ ಎರಡು ಪೋರ್ಷನ್, ಮೇಲಿನದ್ದರಲ್ಲೋ ಕೆಳಗಿನದ್ದರಲ್ಲೋ ಓನರ್ ಸಂಸಾರ, ಮಿಕ್ಕಿದ್ದೆಲ್ಲ ಬಾಡಿಗೆಗೆ ಅಥವಾ ಭೋಗ್ಯಕ್ಕೆ. ಈ ಊರಿನ ಬಾಡಿಗೆದಾರರಲ್ಲಿ ಎಷ್ಟೋ ಜನರನ್ನು ಹೊತ್ತಿರುವುದು ಇದೇ ಕಟ್ಟಡ. ಇದು ಪ್ಲಾನ್ ಸ್ಯಾಂಕ್ಷನ್‌ಗೆ ಹೋಗುವಾಗ ಒಂದು ಸಂಸಾರದ ಮನೆಯ ವೇಷದಲ್ಲಿ ಹೋಗುತ್ತದೆ.

ಲೆಕ್ಕ ಹಾಕಿದರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. 30×40 ಅಂದರೆ 1,200 ಚದರ ಅಡಿ. ಇಂಥ ಚಿಕ್ಕ ಸೈಟಿಗೆ, 12 ಮೀಟರ್‌ವರೆಗಿನ ರಸ್ತೆಯಲ್ಲಿ, 2015ರ ಪ್ಲಾನ್ ಕೊಟ್ಟಿರುವ ಎಫ್‌ಎಆರ್, ಅಂದರೆ ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಲೆಕ್ಕ, 1.75. ಅಂದರೆ ಎಲ್ಲ ಮಹಡಿಗಳೂ ಸೇರಿ 2,100 ಚದರ ಅಡಿ ಕಟ್ಟಬಹುದು. ನೆಲದ ಮೇಲೆ ಹೆಚ್ಚೆಂದರೆ ಮುಕ್ಕಾಲು ಭಾಗ ಮುಚ್ಚಬಹುದು, ಮಿಕ್ಕಿದ್ದು ಸೆಟ್‌ಬ್ಯಾಕ್, ಅಂದರೆ ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ. ಸ್ಟಿಲ್ಟ್ ಪಾರ್ಕಿಂಗ್ ಈ ಲೆಕ್ಕಕ್ಕೆ ಬರುವುದಿಲ್ಲ. 700 ಚದರ ಅಡಿಯ ಮೂರು ಮಹಡಿ ಕಟ್ಟಿದರೆ ಸರಿಯಾಗಿ 2,100 ಆಯಿತು. ಈಗ ನಿಜವಾಗಿ ನಿಂತಿರುವ ಕಟ್ಟಡ ನೋಡಿ. ನೆಲಮಹಡಿ, ಮೇಲೆ ನಾಲ್ಕು. ಸೆಟ್‌ಬ್ಯಾಕ್ ಅನ್ನುವುದು ಪಕ್ಕದ ಮನೆಯ ಗೋಡೆಗೂ ಇದಕ್ಕೂ ಮಧ್ಯೆ ಕೈ ತೂರುವಷ್ಟು. ಮೊದಲ ಮಹಡಿಯಿಂದ ಮೇಲಕ್ಕೆ ಬಾಲ್ಕನಿ ರಸ್ತೆಯ ಕಡೆಗೆ ಎರಡು ಮೂರಡಿ ಚಾಚಿಕೊಂಡಿದೆ. ಮಹಡಿಗೆ 1,100 ಚದರ ಅಡಿ ಅಂತ ಹಿಡಿದರೂ ಐದಕ್ಕೆ 5,500. ಒಪ್ಪಿಗೆ ಇದ್ದದ್ದರ ಎರಡೂವರೆ ಪಟ್ಟಿಗೂ ಜಾಸ್ತಿ.

ಇಂಥ ಕಟ್ಟಡದ ಗೇಟು ದಾಟಿ ಮೆಟ್ಟಿಲ ಕೆಳಗೆ ಬಗ್ಗಿ ನೋಡಿ. ಅಲ್ಲಿ ಮೀಟರ್ ಬೋರ್ಡ್ ಇರುತ್ತದೆ. ಸಾಲಾಗಿ ಎಂಟು ಮೀಟರ್. ಒಂದೊಂದರ ಕೆಳಗೂ ಮಾರ್ಕರಿನಲ್ಲಿ ಬರೆದಿರುತ್ತಾರೆ: ಜಿಎಫ್ (ನೆಲಮಹಡಿ), ಎಫ್‌ಎಫ್ (ಮೊದಲ ಮಹಡಿ) ಮುಂದೆ, ಎಫ್‌ಎಫ್ ಹಿಂದೆ, ಓನರ್. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಈ ಮೀಟರ್‌ಗಳ ಬೆಲೆ ಇನ್ನೂ ಜಾಸ್ತಿಯಾಯಿತು, ಯಾಕೆಂದರೆ 200 ಯೂನಿಟ್‌ವರೆಗಿನ ಉಚಿತ ಕರೆಂಟ್ ಸಿಗುವುದು ಮನೆಗೊಂದು ಮೀಟರ್ ಇದ್ದರೆ. ಹೀಗಾಗಿ ಆ ಕಟ್ಟಡದಲ್ಲಿ ಎಷ್ಟು ಮನೆ ಇವೆ ಅಂತ ಬೆಸ್ಕಾಂಗೆ ಪಕ್ಕಾ ಗೊತ್ತು. ಪಾಲಿಕೆಯ ಪ್ಲಾನ್ ವಿಭಾಗದ ಕಡತದಲ್ಲಿ ಅದು ಒಂದೋ ಎರಡೋ ಮನೆ. ಆಸ್ತಿ ತೆರಿಗೆಯಲ್ಲಿ ಓನರ್ ತಾನೇ ಬರೆದುಕೊಟ್ಟ ಲೆಕ್ಕ ಇನ್ನೊಂದು. ಸ್ವಂತ ವಾಸಕ್ಕಿಂತ ಬಾಡಿಗೆ ಭಾಗಕ್ಕೆ ದರ ಜಾಸ್ತಿ ಇರುವುದರಿಂದ ಅಲ್ಲೂ ಬಾಡಿಗೆ ಮನೆಗಳನ್ನು ಕಡಿಮೆ ತೋರಿಸುವ ಆಸೆ ಹುಟ್ಟುತ್ತದೆ. ನೀರಿನ ಕನೆಕ್ಷನ್ ಬಹಳ ಕಡೆ ಒಂದೇ, ಎಂಟೂ ಮನೆಗೆ ಅದೇ ಸಂಪು. ಒಂದೇ ಕಟ್ಟಡ, ನಾಲ್ಕು ಕಚೇರಿ, ನಾಲ್ಕು ಲೆಕ್ಕ. ಯಾವ ಲೆಕ್ಕವೂ ಇನ್ನೊಂದರ ಜೊತೆ ಕೂಡುವುದಿಲ್ಲ. ಒಳಚರಂಡಿ ಪೈಪಿನ ಅಳತೆ, ರಸ್ತೆಯ ಅಗಲ, ಕಸದ ಗಾಡಿಯ ಸಂಖ್ಯೆ ಎಲ್ಲವನ್ನೂ ನಿರ್ಧರಿಸುವುದು ಇವುಗಳಲ್ಲಿ ಅತಿ ಸುಳ್ಳಾದ ಲೆಕ್ಕ, ಅಂದರೆ ಪ್ಲಾನಿನದ್ದು.

ಓನರ್ ಯಾಕೆ ಹೀಗೆ ಕಟ್ಟುತ್ತಾರೆ ಅನ್ನುವುದನ್ನೂ ನ್ಯಾಯವಾಗಿ ನೋಡಬೇಕು. ಸೈಟಿನ ಬೆಲೆಯೇ ಕಟ್ಟುವ ಖರ್ಚಿನ ಎರಡು ಮೂರು ಪಟ್ಟು ಇರುವ ಏರಿಯಾಗಳಲ್ಲಿ, ಜೀವನದ ಉಳಿತಾಯ ಎಲ್ಲಾ ಹಾಕಿ ಒಂದು ಸೈಟು ತಗೊಂಡವರು ಅದರ ಮೇಲೆ 2,100 ಚದರ ಅಡಿಯ ಮನೆ ಕಟ್ಟಿ ಸುಮ್ನೆ ಕೂತರೆ ಸಾಲದ ಕಂತು ಯಾರು ಕಟ್ಟಬೇಕು? ಪೆನ್ಷನ್ ಇಲ್ಲದ ಅಂಗಡಿಯವರು, ಫ್ಯಾಕ್ಟರಿಯಿಂದ ವಿಆರ್‌ಎಸ್ ತಗೊಂಡವರು, ಇವರಿಗೆ ಆ ಪೋರ್ಷನ್‌ಗಳೇ ಪೆನ್ಷನ್. ಆ ಕಡೆ ಬಾಡಿಗೆದಾರರನ್ನು ನೋಡಿ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಕ್ಯಾಬ್ ಓಡಿಸುವವರು, ಹಾಸನ, ರಾಯಚೂರಿನಿಂದ ಮೊದಲ ಕೆಲಸಕ್ಕೆ ಬಂದ ಹುಡುಗರು. ಇವರಿಗೆ ಕೈಗೆಟುಕುವ ಬಾಡಿಗೆ ಮನೆ ಸರ್ಕಾರ ಕಟ್ಟಲಿಲ್ಲ, ದೊಡ್ಡ ಬಿಲ್ಡರ್‌ಗಳೂ ಕಟ್ಟಲಿಲ್ಲ. ಕಟ್ಟಿದ್ದು ಈ ಓನರ್‌ಗಳು. ನಿಯಮ ಮುರಿದು ಕಟ್ಟಿದರು ಅನ್ನುವುದು ನಿಜ. ನಿಯಮದ ಒಳಗೆ ಇದನ್ನು ಕಟ್ಟುವ ದಾರಿ ಇರಲಿಲ್ಲ ಅನ್ನುವುದೂ ಅಷ್ಟೇ ನಿಜ.

ಇನ್ನು ಸಂಖ್ಯೆಗಳ ಆಟ. ನಮ್ಮಲ್ಲಿ ಮನೆಯ ಬಗೆ ಯಾವುದು ಅಂತ ತೀರ್ಮಾನ ಆಗುವುದು ಅದರೊಳಗಿನ ಬದುಕು ನೋಡಿ ಅಲ್ಲ, ಸೈಟಿನ ಅಳತೆ ಮತ್ತು ಮನೆಗಳ ಎಣಿಕೆ ನೋಡಿ. 2009ರಲ್ಲಿ ಮಳೆನೀರು ಕೊಯ್ಲು ಕಡ್ಡಾಯ ಮಾಡಿದಾಗ ಗೆರೆ ಎಳೆದದ್ದು ಸೈಟಿನ ಮೇಲೆ, ಹೊಸ ಕಟ್ಟಡಕ್ಕೆ 30×40, ಹಳೆಯದಕ್ಕೆ 40×60. ಪಾರ್ಕಿಂಗ್ ಗೆರೆ ಮನೆಯ ವಿಸ್ತೀರ್ಣದ ಮೇಲೆ. 50 ಚದರ ಮೀಟರ್‌ಗಿಂತ ಚಿಕ್ಕದಾದರೆ ಎರಡು ಮನೆಗೆ ಒಂದು ಕಾರಿನ ಜಾಗ ಸಾಕು, ಅದಕ್ಕಿಂತ ದೊಡ್ಡದಾದರೆ ಮನೆಗೊಂದು. 2024ರಲ್ಲಿ ಶುರುವಾದ ‘ನಂಬಿಕೆ ನಕ್ಷೆ’ ಯೋಜನೆಯಲ್ಲಿ 50×80ವರೆಗಿನ ಸೈಟಿಗೆ, ನಾಲ್ಕು ಮನೆಯವರೆಗೆ ಆನ್‌ಲೈನ್‌ನಲ್ಲೇ ಬೇಗ ಪ್ಲಾನ್ ಸಿಗುತ್ತದೆ. ಇಂಥ ಗೆರೆ ಎಲ್ಲಿ ಎಳೆದರೂ ಜನ ಅದರ ಪಕ್ಕಕ್ಕೇ ಬಂದು ನಿಲ್ಲುತ್ತಾರೆ. ಪ್ಲಾನಿನಲ್ಲಿ ನಾಲ್ಕು ಮನೆ ತೋರಿಸಿ, ಆಮೇಲೆ ಹಾಲ್ ಮಧ್ಯೆ ಒಂದು ಗೋಡೆ ಎಬ್ಬಿಸಿ, ಯುಟಿಲಿಟಿ ಅಂತ ತೋರಿಸಿದ ಜಾಗದಲ್ಲಿ ಅಡುಗೆ ಕಟ್ಟೆ ಹಾಕಿದರೆ ಎಂಟು ಮನೆ. ಮೇಸ್ತ್ರಿಗೆ ಇದು ನಾಲ್ಕು ದಿನದ ಕೆಲಸ.

ಇವುಗಳಲ್ಲಿ ಮನೆ ಕೊಳ್ಳುವವರಿಗೆ ಜಾಸ್ತಿ ಪೆಟ್ಟು ಕೊಡುವುದು ಅವರ ರಕ್ಷಣೆಗೆಂದೇ ಬಂದ ರಿಯಲ್ ಎಸ್ಟೇಟ್ ಕಾಯ್ದೆಯ, ಅಂದರೆ ರೇರಾದ ಗೆರೆ. 2016ರ ಆ ಕಾಯ್ದೆ ಪ್ರಕಾರ ಜಾಗ 500 ಚದರ ಮೀಟರ್ ಮೀರದಿದ್ದರೆ, ಅಥವಾ ಫ್ಲ್ಯಾಟುಗಳು ಎಂಟನ್ನು ದಾಟದಿದ್ದರೆ, ಆ ಪ್ರಾಜೆಕ್ಟ್ ನೋಂದಾಯಿಸಬೇಕಾಗಿಲ್ಲ. 50×80 ಸೈಟು ಅಂದರೆ 4,000 ಚದರ ಅಡಿ, ಸುಮಾರು 372 ಚದರ ಮೀಟರ್. ಗೆರೆಯ ಒಳಗೇ ಬಂತು. ಬಿಡಿಎ ಬಡಾವಣೆಗಳ ಹಳೆಯ 50×80 ಬಂಗಲೆ ಕೆಡವಿ ಅಲ್ಲಿ ಏಳೆಂಟು ಫ್ಲ್ಯಾಟ್ ಏಳುವುದನ್ನು ನೋಡಿಯೇ ಇರುತ್ತೀರಿ. ನೋಡಲಿಕ್ಕೆ ಅಪಾರ್ಟ್‌ಮೆಂಟ್, ಜಾಹೀರಾತಿನಲ್ಲೂ ಅಪಾರ್ಟ್‌ಮೆಂಟ್, ಬೆಲೆಯಂತೂ ಅಪಾರ್ಟ್‌ಮೆಂಟಿನದ್ದೇ. ಆದರೆ ಕೊಳ್ಳುವವರಿಗೆ ರೇರಾ ನೋಂದಣಿ ಸಂಖ್ಯೆ ಇಲ್ಲ, ಅವರ ದುಡ್ಡಿನ ಶೇ 70ರಷ್ಟನ್ನು ಬೇರೆ ಖಾತೆಯಲ್ಲಿ ಇಡಬೇಕು ಅನ್ನುವ ಕಟ್ಟುಪಾಡು ಇಲ್ಲ, ಕೆಲಸ ಎಲ್ಲಿಗೆ ಬಂತು ಅಂತ ನೋಡಲು ವೆಬ್‌ಸೈಟಿನಲ್ಲಿ ಒಂದು ಪುಟವೂ ಇಲ್ಲ. ನಿವೃತ್ತಿ ದುಡ್ಡು ತಂದು ಇಂಥ ಫ್ಲ್ಯಾಟಿಗೆ ಹಾಕುವವರು ತುಂಬಾ ಜನ ಇದ್ದಾರೆ. ದೊಡ್ಡ ಟವರಿನ ಕೊಳ್ಳುಗರಿಗೆ ಇರುವ ರಕ್ಷಣೆ ಇವರಿಗೂ ಇರಬೇಕಿತ್ತು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಪಿಜಿ ವಿಷಯ ಇನ್ನೂ ಗೋಜಲು. ಒಂದೇ ಕಟ್ಟಡ ಯಾವ ಕಚೇರಿಯ ಮುಂದೆ ನಿಂತಿದೆ ಅನ್ನುವುದರ ಮೇಲೆ ಮನೆಯೋ ವ್ಯಾಪಾರವೋ ಆಗುತ್ತದೆ. ಮಾಸ್ಟರ್ ಪ್ಲಾನ್ ಹಾಸ್ಟೆಲನ್ನು ಅಪಾರ್ಟ್‌ಮೆಂಟಿನ ಪಕ್ಕದಲ್ಲೇ, ವಾಸದ ಬಳಕೆಯಲ್ಲೇ ಇಟ್ಟಿದೆ. ಜಿಎಸ್‌ಟಿ ಇಲಾಖೆ ಒಪ್ಪಲಿಲ್ಲ. ಬೆಂಗಳೂರಿನಲ್ಲಿ 42 ಕೋಣೆಯ ಒಂದು ಕಟ್ಟಡವನ್ನು ಅದರ ಮಾಲೀಕರು ಹಾಸ್ಟೆಲ್ ನಡೆಸುವ ಕಂಪನಿಗೆ ಕೊಟ್ಟಿದ್ದರು. ಆ ಬಾಡಿಗೆಗೆ ತೆರಿಗೆ ಕಟ್ಟಬೇಕೋ ಬೇಡವೋ ಅನ್ನುವ ಜಗಳ ಹೈಕೋರ್ಟಿಗೆ ಹೋಯಿತು. 2022ರ ಫೆಬ್ರವರಿಯಲ್ಲಿ ಕರ್ನಾಟಕ ಹೈಕೋರ್ಟ್, ವಿದ್ಯಾರ್ಥಿಗಳು ಮತ್ತು ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಅಲ್ಲಿ ಉಳಿಯುವುದು ವಾಸಕ್ಕೇ, ಹಾಗಾಗಿ ಅದು ವಾಸದ ಮನೆಯೇ ಅಂತ ಹೇಳಿತು. ಮರುವರ್ಷ ಬೇರೊಂದು ಅರ್ಜಿಯಲ್ಲಿ ರಾಜ್ಯದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರ ಉಲ್ಟಾ ಹೇಳಿತು. ಪಿಜಿ ವಾಸದ ಮನೆ ಅಲ್ಲ, ಶೇ 12 ತೆರಿಗೆ ಕಟ್ಟಿ ಅಂತ. ಕೊನೆಗೆ 2024ರ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿ ನಡುದಾರಿ ಹುಡುಕಿತು. ತಲೆಗೆ ತಿಂಗಳಿಗೆ 20,000 ರೂಪಾಯಿವರೆಗೆ, ಕನಿಷ್ಠ 90 ದಿನ ಒಂದೇ ಸಮನೆ ಉಳಿದರೆ ತೆರಿಗೆ ಇಲ್ಲ. 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ 2022ರ ತೀರ್ಪನ್ನೇ ಎತ್ತಿಹಿಡಿಯಿತು.

ಸರಿ, ಹಾಗಾದರೆ ಪಿಜಿ ಮನೆ ಅಂತಾಯಿತಲ್ವಾ? ಪಾಲಿಕೆ ಹಾಗೆ ನೋಡುವುದಿಲ್ಲ. ಅದಕ್ಕೆ ಪಿಜಿ ಒಂದು ವ್ಯಾಪಾರ, ಟ್ರೇಡ್ ಲೈಸೆನ್ಸ್ ಬೇಕು. 2024ರ ಜುಲೈನಲ್ಲಿ ಕೋರಮಂಗಲದ ಪಿಜಿಯೊಂದರಲ್ಲಿ ಯುವತಿಯೊಬ್ಬರ ಕೊಲೆ ಆದ ಮೇಲೆ ಆಗಿನ ಪಾಲಿಕೆ ಬಿಬಿಎಂಪಿ ಮಾರ್ಗಸೂಚಿ ತಂದಿತು. ಒಬ್ಬೊಬ್ಬರಿಗೂ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಅದರ ದೃಶ್ಯ 90 ದಿನ ಇಟ್ಟಿರಬೇಕು. ಇದು ಬೇಕಾದದ್ದೇ, ಇನ್ನೂ ಮೊದಲೇ ಬರಬೇಕಿತ್ತು. 10×14 ಅಡಿಯ ಕೋಣೆ ಅಂದರೆ 140 ಚದರ ಅಡಿ, ಇಬ್ಬರಿಗೆ ಆಗುತ್ತದೆ. ಈಗ ಅಂಥ ಕೋಣೆಯಲ್ಲಿ ಇರುವುದು ನಾಲ್ಕು ಮಂಚ, ನಾಲ್ಕು ಕಬ್ಬಿಣದ ಕಪಾಟು, ಮಧ್ಯೆ ಒಬ್ಬರು ನಡೆದರೆ ಇನ್ನೊಬ್ಬರು ಕಾಲು ಮಡಚಿಕೊಳ್ಳಬೇಕು. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಬಚ್ಚಲಿನ ಕಿಟಕಿ. ಈ ಕೋಣೆಯ ಅಳತೆಯನ್ನು ಪ್ಲಾನ್ ಕೊಡುವಾಗಲೇ ಕೇಳಬೇಕಿತ್ತು. ಆಗ ಅದು ಪ್ಲಾನಿನಲ್ಲಿ ಬೆಡ್‌ರೂಮ್ ಆಗಿತ್ತು, ಸಂಸಾರ ಒಂದರ ಮನೆಯ ಭಾಗ. ಎಷ್ಟು ಜನ ಮಲಗುತ್ತಾರೆ ಅಂತ ಕೇಳಬೇಕಾದ ಪ್ರಶ್ನೆಯೇ ಅಲ್ಲಿ ಹುಟ್ಟಲಿಲ್ಲ. ಲೈಸೆನ್ಸ್ ಕೊಡುವ ಆರೋಗ್ಯ ವಿಭಾಗ ಬರುವ ಹೊತ್ತಿಗೆ ಕಾಂಕ್ರೀಟ್ ಗಟ್ಟಿಯಾಗಿದೆ. ಎರಡನೇ ಮೆಟ್ಟಿಲು ಇಲ್ಲ, ಬೆಂಕಿ ಬಿದ್ದರೆ ಇಳಿಯಲು ಇರುವುದು ಅದೇ ಎರಡೂವರೆ ಅಡಿಯ ಮೆಟ್ಟಿಲು.

ಈ ಮಾತಿಗೆ ಸುಪ್ರೀಂ ಕೋರ್ಟಿನ ಇನ್ನೊಂದು ತೀರ್ಪು ನೆನಪಾಗುತ್ತದೆ, ಅದು ಚಂಡೀಗಢದ್ದು. ಅಲ್ಲಿನ ಹಳೆಯ ಸೆಕ್ಟರ್‌ಗಳಲ್ಲಿ ಪ್ಲಾಟು ಕೊಟ್ಟಿದ್ದು ಒಂದು ಸಂಸಾರಕ್ಕೆ ಒಂದು ಮನೆ ಅನ್ನುವ ಲೆಕ್ಕದಲ್ಲಿ. ಮನೆಯನ್ನು ಅಪಾರ್ಟ್‌ಮೆಂಟ್ ಮಾಡಲು 2001ರಲ್ಲಿ ತಂದ ನಿಯಮವನ್ನು 2007ರಲ್ಲಿ ರದ್ದು ಮಾಡಿದ್ದರು. ಆದರೂ ಜನ ಪ್ಲಾಟಿನಲ್ಲಿ ಪಾಲು ಅಂತ ಬರೆಸಿ ಒಂದೊಂದು ಮಹಡಿಯನ್ನು ಒಬ್ಬೊಬ್ಬರಿಗೆ ಮಾರುತ್ತಲೇ ಇದ್ದರು. 2023ರ ಜನವರಿ 10ರಂದು ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಬಿ.ವಿ. ನಾಗರತ್ನ ಅವರ ಪೀಠ ಅದನ್ನು ನಿಲ್ಲಿಸಿತು. ನಮಗೆ ಮುಖ್ಯವಾದದ್ದು ಆ ತೀರ್ಪಿನ ಇನ್ನೊಂದು ಭಾಗ. ಯೋಜನೆ ಇಲ್ಲದೆ ಬೆಳೆದರೆ ಊರು ಹೇಗಾಗುತ್ತದೆ ಅನ್ನುವುದಕ್ಕೆ ಕೋರ್ಟ್ ಅದರಲ್ಲಿ ಬೆಂಗಳೂರನ್ನೇ ಉದಾಹರಣೆ ಕೊಟ್ಟಿದೆ. ಬೆಂಗಳೂರು ಕೊಡುತ್ತಿರುವ ಎಚ್ಚರಿಕೆಗೆ ಕಿವಿಗೊಡಿ ಅಂತ ಆಳುವವರಿಗೆ ಹೇಳಿದೆ. ಓದುವಾಗ ನೋವಾಗುತ್ತದೆ.

ಆದರೆ ಚಂಡೀಗಢದ ಮದ್ದು ನಮಗೆ ಹಿಡಿಸುವುದಿಲ್ಲ. ಸೈಟಿಗೆ ಒಂದೇ ಮನೆ ಅಂತ ಗಟ್ಟಿಯಾಗಿ ಹಿಡಿದರೆ ಇಲ್ಲಿ ಮೊದಲು ಬೀದಿಗೆ ಬೀಳುವವರು ಬಾಡಿಗೆದಾರರು. ನಾವು ಹಿಡಿದಿರುವ ದಾರಿ ಅದಕ್ಕೆ ಪೂರ್ತಿ ವಿರುದ್ಧ: ಕಟ್ಟಲು ಬಿಡುವುದು, ಆಮೇಲೆ ಸಕ್ರಮ ಮಾಡುತ್ತೇವೆ ಅನ್ನುವುದು. ಅಕ್ರಮ ಸಕ್ರಮದ ಕಥೆ ಎಲ್ಲರಿಗೂ ಗೊತ್ತು. ವಾಸದ ಕಟ್ಟಡದಲ್ಲಿ ಶೇ 50ರವರೆಗಿನ ಉಲ್ಲಂಘನೆಗೆ ದಂಡ ಕಟ್ಟಿ ಸಕ್ರಮ. ಹೈಕೋರ್ಟ್ 2016ರ ಡಿಸೆಂಬರ್‌ನಲ್ಲಿ ಒಪ್ಪಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆ ಯೋಜನೆ ನಡೆದಿದ್ದರೂ ಮೇಲೆ ಹೇಳಿದ ಕಟ್ಟಡಕ್ಕೆ ಉಪಯೋಗ ಆಗುತ್ತಿರಲಿಲ್ಲ. 2,100ಕ್ಕೆ ಅರ್ಧ ಸೇರಿಸಿದರೆ 3,150, ಕಟ್ಟಿರುವುದು 5,500. ಓಸಿ ವಿನಾಯಿತಿಗೂ ಅದು ಸಿಗುವುದಿಲ್ಲ, ವಿನಾಯಿತಿ ಇರುವುದು ಮೇಲೆ ಎರಡು ಮಹಡಿಯವರೆಗೆ. ನಾಲ್ಕು ಮಹಡಿಯವರು ಮತ್ತೆ ಅದೇ ಕಚೇರಿಯ ಮುಂದೆ. ಮೂರು ಮಹಡಿಯವರು ಓಸಿ ಇಲ್ಲದೆಯೇ ಕರೆಂಟ್ ಪಡೆದ ಮೇಲೆ, ಇನ್ನೊಂದು ಮಹಡಿ ಏರಿಸಿದರೆ ಯಾರು ನೋಡುತ್ತಾರೆ? ಓಸಿ ಅನ್ನುವುದು ಕಟ್ಟಡವನ್ನು ಸರ್ಕಾರ ಒಮ್ಮೆಯಾದರೂ ಕಣ್ಣಾರೆ ನೋಡುವ ಹಂತ. ಅದನ್ನೇ ತೆಗೆದರೆ ಭದ್ರತೆಯ ಭಾರ ಎಲ್ಲಾ ಮೇಸ್ತ್ರಿಯ ಒಳ್ಳೆಯತನದ ಮೇಲೆ. 2024ರ ಅಕ್ಟೋಬರ್‌ನಲ್ಲಿ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಮಳೆಯಲ್ಲಿ ಕುಸಿದು ಕೂಲಿಕಾರರು ಸತ್ತರು. ಅಲ್ಲೂ ಒಪ್ಪಿಗೆಗಿಂತ ಜಾಸ್ತಿ ಮಹಡಿ ಏರಿತ್ತು.

ನನ್ನ ಪ್ರಕಾರ ಆಗಬೇಕಾದ್ದು ಇಷ್ಟು. ಓನರ್ ಕಟ್ಟಿದ ಬಾಡಿಗೆ ಕಟ್ಟಡವನ್ನು ಒಂದು ಪ್ರತ್ಯೇಕ ಬಗೆಯ ಮನೆ ಅಂತ ನಿಯಮದಲ್ಲೇ ಬರೆಯಬೇಕು. 30×40ರಲ್ಲಿ ಆರು ಮನೆ ಕಟ್ಟುತ್ತೇನೆ ಅಂತ ಧೈರ್ಯವಾಗಿ ಪ್ಲಾನಿನಲ್ಲಿ ತೋರಿಸುವ ಹಾಗಿರಬೇಕು. ಅದಕ್ಕೆ ಎಫ್‌ಎಆರ್ ಸ್ವಲ್ಪ ಜಾಸ್ತಿ ಕೊಡಿ, ಬದಲಿಗೆ ಬಿಟ್ಟುಕೊಡಬಾರದ ಸಂಗತಿಗಳನ್ನು ಗಟ್ಟಿ ಮಾಡಿ. ಅಗಲದ ಮೆಟ್ಟಿಲು, ಎಲ್ಲ ಕೋಣೆಗೂ ಗಾಳಿ ಬೆಳಕು, ಮನೆ ಎಣಿಕೆಗೆ ತಕ್ಕ ಸಂಪು ಮತ್ತು ಒಳಚರಂಡಿ ಪೈಪು, ಇಂಜಿನಿಯರ್ ಸಹಿ ಇರುವ ಕಂಬ ಕಂಬಿಯ ಲೆಕ್ಕ. ಪಾರ್ಕಿಂಗ್‌ನಲ್ಲಿ ಬೇಕಾದರೆ ಸಡಿಲ ಮಾಡಲಿ, ಇಂಥ ಪೋರ್ಷನ್‌ಗಳ ಮುಂದೆ ನಿಲ್ಲುವುದು ಬಹುಪಾಲು ಟೂ ವೀಲರ್. ರಸ್ತೆ 20 ಅಡಿಯದ್ದಾದರೆ ಮನೆಯ ಸಂಖ್ಯೆ ಕಡಿಮೆ, 40 ಅಡಿಯದ್ದಾದರೆ ಜಾಸ್ತಿ. ಪಿಜಿಗೂ ಹೀಗೇ, ಮಂಚದ ಲೆಕ್ಕವನ್ನು ಪ್ಲಾನಿನ ಹಂತದಲ್ಲೇ ಕೇಳಬೇಕು. ಪ್ಲಾನಿನಲ್ಲಿ ಬರೆದ ಮನೆಗಳ ಸಂಖ್ಯೆಯೇ ತೆರಿಗೆಗೂ, ಮೀಟರ್‌ಗೂ, ನೀರಿಗೂ ಹೋಗಬೇಕು. ಇವತ್ತು ಆಸ್ತಿಯ ಇ-ಖಾತಾ, ಕರೆಂಟ್ ಕನೆಕ್ಷನ್ನಿನ ಆರ್‌ಆರ್ ನಂಬರ್ ಎಲ್ಲಾ ಕಂಪ್ಯೂಟರಿನಲ್ಲೇ ಇರುವಾಗ ಇದು ಆಗದ ಕೆಲಸವೇನಲ್ಲ.

ನಿಜವಾದ ತೊಡಕು ಹಳೆಯ ಕಟ್ಟಡಗಳದ್ದು. ಎದ್ದು ನಿಂತ ಲಕ್ಷಾಂತರ ಕಟ್ಟಡಗಳನ್ನು ಒಡೆಯಲು ಆಗುವುದಿಲ್ಲ, ಒಡೆಯಬಾರದು ಕೂಡ. ಅವುಗಳಲ್ಲಿ ಜನ ಇದ್ದಾರೆ. ಮೆಟ್ಟಿಲು, ವೈರಿಂಗ್, ಕಂಬದ ಬಲ ಈ ಮೂರನ್ನು ಪರೀಕ್ಷೆ ಮಾಡಿಸಿ, ಸರಿಪಡಿಸಲು ಸಮಯ ಕೊಟ್ಟು, ಆಮೇಲೆ ಹೊಸ ಬಗೆಯೊಳಗೆ ಸೇರಿಸಿಕೊಳ್ಳಬಹುದು. ದಂಡದ ರಸೀದಿಗಿಂತ ಆ ಪರೀಕ್ಷೆಯ ವರದಿ ಮುಖ್ಯ.

2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದಿವೆ. ಹೊಸ ಮಾಸ್ಟರ್ ಪ್ಲಾನ್ ಇವತ್ತಲ್ಲ ನಾಳೆ ಬರಲೇಬೇಕು. ಕಳೆದ ಸಲದ ಕರಡಿಗೆ ಆಕ್ಷೇಪಣೆ ಹೇಳಲು 60 ದಿನ ಕೊಟ್ಟಿದ್ದರು. ಆಗ ಬಡಾವಣೆಯ ನಿವಾಸಿ ಸಂಘಗಳು ಬರೆದವು, ಬಿಲ್ಡರ್‌ಗಳೂ ಬರೆದರು. ಪೋರ್ಷನ್‌ನಲ್ಲಿ ಇರುವವರು, ಪಿಜಿಯಲ್ಲಿ ಇರುವವರು ಬರೆದದ್ದು ಕಡಿಮೆ, ಅದು ತಮಗೆ ಸಂಬಂಧಪಟ್ಟದ್ದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಮುಂದಿನ ಕರಡು ಬಂದಾಗ ವಾಸದ ಬಳಕೆಯ ಪಟ್ಟಿ ಇರುವ ಪುಟ ತೆಗೆದು, ನೀವು ಈಗ ಇರುವ ಮನೆ ಅದರಲ್ಲಿ ಎಲ್ಲಿ ಬರುತ್ತದೆ ಅಂತ ಹುಡುಕಿ. ಸಿಗದಿದ್ದರೆ, ನಿಮ್ಮ ಕಟ್ಟಡದಲ್ಲಿ ಎಷ್ಟು ಮನೆ, ಎಷ್ಟು ಜನ, ಎಷ್ಟು ಅಗಲದ ಮೆಟ್ಟಿಲು ಇದೆ ಅಂತ ಬರೆದು ಕಳಿಸಿ. ಕನ್ನಡದಲ್ಲೇ ಬರೆದರೂ ಅವರು ತೆಗೆದುಕೊಳ್ಳಲೇಬೇಕು.